ಅಚ್ಚಿಗೆ ಹಚ್ಚಿದ ವಿಭೂತಿ

ನಮ್ಮಪ್ಪನ ಬಲಗಣ್ಣು ಹೋದದ್ದು ನನ್ನ ಕೈಯಿಂದ. ಅದಕ್ಕೆ ಬೈಸಿಕೊಂಡವನು ಮಾತ್ರ ಬೇರೆ ಒಬ್ಬ ಮನುಷ್ಯ. ಬೈಯುವಾಗ ನಾನು ಅಪ್ಪನ ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ.

ನಮ್ಮದು ಮುಂಡರಗಿ ತಾಲ್ಲೂಕಿನ ಊರು, ಕಪ್ಪತಗುಡ್ಡದ ಬುಡಕ್ಕೆ. ಗುಡ್ಡಕ್ಕೆ ಹತ್ತಿದ ಹೊಲದಲ್ಲಿ ಶೇಂಗಾ ಹಾಕಿದರೆ ಕಾಯಿ ಕಟ್ಟುವ ಹೊತ್ತಿಗೆ ಹಂದಿ ಇಳಿಯುತ್ತಿದ್ದವು. ಹತ್ತಿಪ್ಪತ್ತು ಒಮ್ಮೆಲೇ ಬಂದು ಮೂತಿಯಿಂದ ನೆಲ ಹೂಡಿದಂತೆ ಹೂಡಿ ಹೋಗುತ್ತಿದ್ದವು. ಅದಕ್ಕೆಂದೇ ಮುತ್ತ್ಯಾನ ಕಾಲದ ಒಂದು ಬಂದೂಕು, ಬೆಳೆ ಕಾಯುವ ಲೈಸನ್ಸಿನದು, ಮನೆಯಲ್ಲಿತ್ತು. ಮೊದಲೆಲ್ಲ ಆ ಲೈಸನ್ಸಿಗಾಗಿ ಅಪ್ಪ ಧಾರವಾಡಕ್ಕೆ ಹೋಗಿ ಯಾರದೋ ಮನೆಯಲ್ಲಿ ವಸ್ತಿ ಮಾಡಿ ಬರಬೇಕಿತ್ತು. ಗದಗ ಬೇರೆ ಜಿಲ್ಲೆಯಾದ ಮೇಲೆ ಬೆಳಿಗ್ಗೆ ಹೋಗಿ ಸಂಜೆಗೆ ಮನೆಗೆ ಬಂದುಬಿಡುತ್ತಿದ್ದ. "ಜಿಲ್ಲಾ ಆಗಿದ್ದ ನನ್ನ ಸಲುವಾಗಿ" ಎಂದು ಚಹಾ ಕುಡಿಯುತ್ತ ಹೇಳುತ್ತಿದ್ದ. ಅವ್ವ, "ಹೌದ್ಹೌದು, ಸರ್ಕಾರಕ್ಕ ನಿಮ್ಮನ್ನ ಬಿಟ್ರ ಯಾರದಾರ" ಅನ್ನುತ್ತಿದ್ದಳು.

ಗುಂಡು ಕೊಳ್ಳುತ್ತಿರಲಿಲ್ಲ. ಅಪ್ಪ ಹಿತ್ತಲಲ್ಲಿ ಸೀಸ ಕರಗಿಸಿ ತಾನೇ ಎರೆಯುತ್ತಿದ್ದ. ಸಾಮಾನು ಅಂದರೆ ಏನೂ ಇಲ್ಲ. ಎಣ್ಣೆಯ ಹಳೆ ಡಬ್ಬಿ ಕತ್ತರಿಸಿ ಮಾಡಿದ ಸಿಗಡಿ, ಅದರಲ್ಲಿ ಜಾಲಿ ಇದ್ದಲಿ. ಅವ್ವ ಒಗ್ಗರಣೆಗೆ ಬೇಡವೆಂದು ಬಿಸಾಕಿದ ಕಬ್ಬಿಣದ ಸೌಟು, ಹಿಡಿಕೆ ಮುರಿದಿದ್ದಕ್ಕೆ ಒಂದು ಸರಳು ತಂತಿಯಲ್ಲಿ ಬಿಗಿದಿದ್ದ. ಅಚ್ಚನ್ನಂತೂ ತಾನೇ ಕೆತ್ತಿದ್ದ. ಬಳಪದ ಕಲ್ಲಿನ ಎರಡು ಹೋಳು, ಒಂದೊಂದರಲ್ಲೂ ಅರ್ಧರ್ಧ ಕುಳಿ, ಮೇಲೆ ಸೀಸ ಹೊಯ್ಯಲು ಕಿರುಬೆರಳು ತೂರದಷ್ಟು ಸಣ್ಣ ಬಾಯಿ. ಎರಡೂ ಹೋಳು ಕೂಡಿಸಿ ಹಿಡಿದು ಹೊಯ್ದರೆ ಒಳಗೆ ಗುಂಡು. ಬಿಚ್ಚಿದಾಗ ಅದು ಹೊಸ ರೂಪಾಯಿ ಹಾಗೆ ಹೊಳೆಯುತ್ತಿತ್ತು. ಮರುದಿನಕ್ಕೆ ಕಪ್ಪಿಡುತ್ತಿತ್ತು.

ಅಪ್ಪನದು ಒಂದೇ ಕಟ್ಟಪ್ಪಣೆ: "ಅಚ್ಚಿಗೆ ನೀರು ತೋರಿಸಬ್ಯಾಡ್ರಿ." ಮಳೆಗಾಲದಲ್ಲಿ ಅದನ್ನು ಒಲೆಯ ಮಗ್ಗುಲಿಗೇ ಇಡುತ್ತಿದ್ದ. ಹೊಯ್ಯುವ ಮೊದಲು ಸಿಗಡಿಯ ಅಂಚಿಗೆ ಇಟ್ಟು ತಾಸುಗಟ್ಟಲೆ ಕಾಸುತ್ತಿದ್ದ. "ಒಂದ ಹನಿ ಇದ್ರ ಸೀಸ ಸಿಡೀತೈತಿ, ಮಾರಿ ಉಳಿಯೂದಿಲ್ಲ" ಎಂದು ನನಗೆ ಹತ್ತು ಸಲವಾದರೂ ಹೇಳಿದ್ದ. ನನಗೆ ಗೊತ್ತಿರಲಿಲ್ಲ ಅಂತ ಅನ್ನುವ ಹಾಗಿಲ್ಲ.

ಸೀಸ ಬರುತ್ತಿದ್ದದ್ದು ಮುಂಡರಗಿಯ ಗುಜರಿ ಅಂಗಡಿಯ ಚಾಚಾನಿಂದ. ಅವನೂ ಅಪ್ಪನೂ ಇಪ್ಪತ್ತು ವರ್ಷದ ದೋಸ್ತರು. ರಮಜಾನಿಗೆ ಅವನ ಮನೆಯಿಂದ ಮುಚ್ಚಿದ ಡಬ್ಬಿಯಲ್ಲಿ ಶಾವಿಗೆಯ ಸುರಕುಂಬಾ ಬರುತ್ತಿತ್ತು, ನಮ್ಮಿಂದ ಹೊಸ ಶೇಂಗಾದ ಹೋಳಿಗೆ ಹೋಗುತ್ತಿತ್ತು. ಆ ವರ್ಷ ಅವನು ಒಂದು ಗೋಣಿ ಚೀಲ ಬಸ್ಸಿಗೆ ಹೇರಿಕೊಂಡು ತಾನೇ ಬಂದ. ಗದಗಿನಲ್ಲಿ ಯಾವುದೋ ಪ್ರೆಸ್ಸು ಹಳೆ ಮಷೀನು ತೆಗೆದುಹಾಕಿ ಸೀಸದ ಅಚ್ಚಿನ ಮೊಳೆಗಳನ್ನು ತೂಕಕ್ಕೆ ಮಾರಿತ್ತಂತೆ. ಚೀಲ ಸುರಿದರೆ ಬರೀ ಅಕ್ಷರ. ನಾನು ಕೂತು ನನ್ನ ಹೆಸರಿನ ಅಕ್ಷರ ಹುಡುಕಿದೆ. ಎಲ್ಲ ತಿರುಗುಮುರುಗು ಇದ್ದವು.

"ಗೌಡ್ರ, ಇನ್ನ ಮ್ಯಾಲೆ ನಿಮ್ಮ ಹಂದಿಗೋಳು ಅಕ್ಷರ ಕಲೀತಾವ ನೋಡ್ರಿ" ಅಂದ ಚಾಚಾ.

"ಮೊದಲ ನೀ ಕಲಿಯೋ ಸಾಹೇಬ. ಅಂಗಡಿ ಬೋರ್ಡಿನ್ಯಾಗ ನಿನ್ನ ಹೆಸರ ತಪ್ಪೈತಿ."

"ಅದು ಪೇಂಟರ್ ತಪ್ಪು, ನಂದಲ್ಲ. ನಾ ಓದಾಕ ಬಂದಿದ್ರ ಅವನಿಗೆ ರೊಕ್ಕ ಕೊಡ್ತಿದ್ನೇನು?"

ಅಪ್ಪ ನಕ್ಕು ನಕ್ಕು ಕೆಮ್ಮಿದ. ಅವರಿಬ್ಬರೂ ನಮ್ಮ ಕಟ್ಟೆಯ ಮೇಲೆ ಕೂತು ಹಾಗೆ ನಕ್ಕದ್ದು ಅದೇ ಕಡೆಯ ಸಲ.

ಮಹಾನವಮಿಯ ಖಂಡೇಪೂಜೆಯ ದಿನ ನಮ್ಮಲ್ಲಿ ಕೆಲಸದ ಸಾಮಾನನ್ನೆಲ್ಲ ತೊಳೆದು ಒರೆಸಿ ದೇವರ ಜಗಲಿಗೆ ಇಡುತ್ತಾರೆ. ಕುಡುಗೋಲು, ಕುರ್ಪಿ, ಕೊಡಲಿ, ಬಂದೂಕು, ಅದರ ಪಕ್ಕ, ತೊಳೆಯದೆ ಬರೀ ಒರೆಸಿದ ಕಲ್ಲಿನ ಅಚ್ಚು. ಪೂಜೆಯಾದ ಮೇಲೆ ಅವನ್ನು ಆ ದಿನ ಮುಟ್ಟುವಂತಿಲ್ಲ. ಮರುದಿನ ಬನ್ನಿ ಹಬ್ಬದ ಬೆಳಿಗ್ಗೆ ಇಳಿಸಿ, ಯಾರ ಕಸುಬು ಯಾವುದೋ ಅದನ್ನು ಒಂದಿಷ್ಟು ಮಾಡಿ ಶುರು ಹಚ್ಚಬೇಕು. ಅಪ್ಪ ಹೊಲದಲ್ಲಿ ನಾಲ್ಕು ಕುರ್ಪಿ ಮಣ್ಣು ಕೆದರಿ ಬಂದು, ಐದು ಗುಂಡು ಎರೆದು ಏಳುತ್ತಿದ್ದ.

ಪ್ರತಿ ವರ್ಷ ಪೂಜೆ ಅವ್ವನದು. ಆ ಸಲ ಅವಳು ಶಿರಹಟ್ಟಿಗೆ, ತನ್ನ ತವರಿಗೆ ಹೋಗಿದ್ದಳು, ಅವಳ ತಾಯಿ, ನಮ್ಮ ಆಯಿಗೆ ಹುಷಾರಿರಲಿಲ್ಲ. ನನಗಾಗ ಹತ್ತೊಂಬತ್ತು. ಮನೆ ನನ್ನ ಕೈಗೆ ಬಂದಿದೆ ಎಂಬ ಹುರುಪಿನಲ್ಲಿ ಎಲ್ಲವನ್ನೂ ಅವ್ವನಿಗಿಂತ ಚೆಂದ ಮಾಡಬೇಕೆಂದು ಹೊರಟೆ. ಅವ್ವ ಅಚ್ಚಿಗೆ ಒಣ ವಿಭೂತಿ ಬೆರಳಲ್ಲಿ ಸವರುತ್ತಿದ್ದಳಷ್ಟೇ. ಅದು ಕಲ್ಲಿನ ಮೇಲೆ ನಿಲ್ಲುತ್ತಿರಲಿಲ್ಲ. ನಾನು ವಿಭೂತಿಗಟ್ಟಿಯನ್ನು ನೀರಲ್ಲಿ ತೇಯ್ದು ಗಟ್ಟಿಯಾಗಿ ಕಲಸಿ ಮೂರು ಪಟ್ಟೆ ಎಳೆದೆ. ಬಾಯಿಯ ಹತ್ತಿರ ಒಂದು ಮುದ್ದೆ ಇಟ್ಟು ಅದರಲ್ಲಿ ಸೇವಂತಿಗೆ ಚುಚ್ಚಿ ನಿಲ್ಲಿಸಿದೆ. ನಿಂತಿತು. ಚೆಂದ ಕಂಡಿತು. ನೀರು ತೋರಿಸಬ್ಯಾಡ್ರಿ ಅಂದದ್ದು ಕಿವಿಯಲ್ಲಿತ್ತು. ಆದರೆ ವಿಭೂತಿ ನೀರು ಅಂತ ನನಗೆ ಅನಿಸಲಿಲ್ಲ. ಅದು ವಿಭೂತಿ.

ಮರುದಿನ ಅಪ್ಪ ಹೂವು ತೆಗೆದು ಕಣ್ಣಿಗೊತ್ತಿಕೊಂಡ, ಪಟ್ಟೆಗಳನ್ನು ಪಂಚೆಯ ಸೆರಗಿನಿಂದ ಒರೆಸಿದ. ಹೊರಗೆಲ್ಲ ಒಣಗಿ ಉದುರಿತು. ಬಾಯಿಯೊಳಗೆ ಇಳಿದದ್ದು ಇಳಿದಲ್ಲೇ ಇತ್ತು, ಮೇಲೆ ಹಕ್ಕಳೆ, ಒಳಗೆ ಹಸಿ. ಓಣಿಯ ಮಂದಿ ಬನ್ನಿ ಮುಡಿಯಲು ಹೊರಟು ಕರೆಯುತ್ತಿದ್ದರು. "ಬಂದೆ, ಬಂದೆ, ಐದ ಗುಂಡು" ಅನ್ನುತ್ತ ಅಚ್ಚನ್ನು ಸಿಗಡಿಗೆ ತೋರಿಸಿದಂತೆ ಮಾಡಿ ತೆಗೆದುಬಿಟ್ಟ. ಮೊಳೆ ಕರಗಿದ ಮೊದಲ ಸೌಟಿಗೇ ಫಟ್ ಎಂದಿತು. ಅಪ್ಪ ಕೂಗಲಿಲ್ಲ. ಸೌಟನ್ನು ನಿಧಾನ ನೆಲಕ್ಕಿಟ್ಟು, "ತಂಗೀ, ನೀ ದೂರ ಇರು, ಸುಡ್ತೈತಿ" ಎಂದು ಬಾಗಿಲಲ್ಲಿದ್ದ ನನಗೆ ಹೇಳಿದ. ಆಮೇಲೆ ಎರಡೂ ಕೈ ಮಾರಿಗೆ ಹಿಡಿದ.

ಊರವರು ಅವನನ್ನು ಟ್ರ್ಯಾಕ್ಟರಿನಲ್ಲಿ ಮುಂಡರಗಿಗೆ, ಅಲ್ಲಿಂದ ಹುಬ್ಬಳ್ಳಿಯ ದವಾಖಾನೆಗೆ ಒಯ್ದರು. ಹನ್ನೊಂದು ದಿನ ಅಲ್ಲಿದ್ದ. ಕಣ್ಣು ಉಳಿಯಲಿಲ್ಲ.

ಖಬರು ಹತ್ತಿ ಚಾಚಾ ಮರುದಿನವೇ ನಮ್ಮ ಮನೆಗೆ ಬಂದ. ಮನೆಯಲ್ಲಿ ನಾನು ಒಬ್ಬಳೇ, ಅವ್ವ ಹುಬ್ಬಳ್ಳಿಯಲ್ಲಿ. ನೀರು ಕೊಟ್ಟೆ. ಕುಡಿದು ಹಿತ್ತಲಿಗೆ ಹೋದ. ಸಿಗಡಿ, ಸೌಟು, ಚೆಲ್ಲಿದ ಸೀಸ ಎಲ್ಲ ಹಾಗೇ ಬಿದ್ದಿತ್ತು. ಅಚ್ಚಿನ ಒಂದು ಹೋಳು ಎತ್ತಿ ಬೆಳಕಿಗೆ ಹಿಡಿದು, ಬಾಯಿಯ ಹತ್ತಿರ ಉಗುರಿನಿಂದ ಕೆರೆದ. ಉಗುರು ನೋಡಿಕೊಂಡ. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತ ನನ್ನನ್ನು ನೋಡಿದ. ಹೋಳನ್ನು ಕೆಳಗಿಟ್ಟು, "ಉಳಿದ ಮೊಳಿ ವಾಪಸ ಒಯ್ತೀನಿ ಬೇಟಾ. ಇವು ಇಲ್ಲಿ ಬ್ಯಾಡ" ಅಂದ. ಚೀಲ ಹೆಗಲಿಗೇರಿಸಿ ಹೊರಟ.

ಅಪ್ಪ ದವಾಖಾನೆಯ ಮಂಚದ ಮೇಲೇ ಕಾರಣ ಹುಡುಕಿಕೊಂಡಿದ್ದ. ಇಷ್ಟು ವರ್ಷ ಸಿಡಿಯದ ಸೀಸ ಈಗೇಕೆ ಸಿಡಿಯಿತು? ಪ್ರೆಸ್ಸಿನ ಮೊಳೆಯಲ್ಲಿ ಏನೋ ಕಲಬೆರಕೆ ಇದೆ, ಚಾಚಾ ಗೊತ್ತಿದ್ದೂ ತಂದು ಕೊಟ್ಟ. ಯಾರಾದರೂ ನೋಡಲು ಬಂದರೆ ಇದನ್ನೇ ಹೇಳುತ್ತಿದ್ದ. ಪ್ರತಿ ಸಲ ಹೇಳಿದಾಗಲೂ ಅದು ಅವನಿಗೆ ಇನ್ನಷ್ಟು ಖರೆ ಆಗುತ್ತಿತ್ತು. ನಾನು ಕಡಲೆ ಹಿಟ್ಟು ಕಲಸುತ್ತ, ಚಹಾ ಸೋಸುತ್ತ ಕೇಳುತ್ತಿದ್ದೆ.

ಪಟ್ಟಿ ಬಿಚ್ಚಿದ ಮೇಲೆ ಸಂತೆಯ ದಿನ ನನ್ನ ಭುಜ ಹಿಡಿದುಕೊಂಡು ಮುಂಡರಗಿಗೆ ಹೊರಟ. ಬಲಗಡೆಯಿಂದ ಏನು ಬಂದರೂ ಕಾಣುತ್ತಿರಲಿಲ್ಲ, ಎತ್ತಿನ ಗಾಡಿಗೂ ಬೆಚ್ಚುತ್ತಿದ್ದ. ಗುಜರಿ ಅಂಗಡಿಯ ಮುಂದೆ ನಿಂತು, ಸಂತೆಗೆ ಬಂದ ಮಂದಿಯೆಲ್ಲ ಕೇಳುವಂತೆ ಬೈದ.

"ಇಪ್ಪತ್ತ ವರ್ಷ ನಿನ್ನ ಮನಿ ಉಪ್ಪ ಉಂಡೀನಿ. ನನ್ನ ಕಣ್ಣ ತಗದೆಲ್ಲೋ!"

ಚಾಚಾ ತಕ್ಕಡಿ ಕೆಳಗಿಟ್ಟು ಎದ್ದು ನಿಂತ. ನನ್ನ ಕಡೆ ನೋಡಲೇ ಇಲ್ಲ. "ಬರ್ರಿ ಗೌಡ್ರ, ಒಳಗ ಕುಂಡ್ರಿ."

"ಕುಂಡ್ರಾಕ ಬಂದಿಲ್ಲ. ಕಲಬೆರಕಿ ಇತ್ತೋ ಇಲ್ಲೋ, ಅಷ್ಟ ಹೇಳು."

ಅವನು ತನ್ನ ಕರಿಯ ಕೈಗಳನ್ನು ಅಂಗಿಗೆ ಒರೆಸಿಕೊಂಡ. "ಇದ್ದಿರಬಹುದ್ರಿ. ನಾ ನೋಡಿ ತರಬೇಕಿತ್ತು. ನಂದ ತಪ್ಪಾತು."

ಆಗ ನಾನು ಒಂದು ಮಾತು ಹೇಳಬಹುದಿತ್ತು. ನಾಲಿಗೆಯ ತನಕ ಬಂದಿತ್ತು. ಆದರೆ ಬೆಟಗೇರಿಯಿಂದ ನನ್ನನ್ನು ನೋಡಿ ಹೋಗಿದ್ದರು, ಮಾತು ನಡೆದಿತ್ತು. ಅಪ್ಪನ ಕಣ್ಣು ಕಳೆದ ಹುಡುಗಿ ಎಂದು ಕರೆಸಿಕೊಳ್ಳಲು ಹೆದರಿದೆ. ಅಪ್ಪ ಮತ್ತೆ ನನ್ನ ಭುಜ ಹಿಡಿದ. ಹಾಗೇ ಬಸ್ ಸ್ಟ್ಯಾಂಡಿಗೆ ಬಂದೆವು.

ಅಪ್ಪ ಗುಜರಿ ಅಂಗಡಿಯ ಓಣಿಗೆ ಕಾಲಿಡುವುದನ್ನೇ ಬಿಟ್ಟ. ಮುಂದಿನ ಇಲೆಕ್ಷನ್ನಿಗೆ ಬಂದೂಕನ್ನು ಠಾಣೆಗೆ ಒಪ್ಪಿಸಿದವನು ಮರಳಿ ತರಲಿಲ್ಲ. ರಮಜಾನಿಗೆ ಚಾಚಾನ ಮನೆಯಿಂದ ಡಬ್ಬಿ ಬಂತು. ಅಪ್ಪ ಅದನ್ನು ಮುಚ್ಚಳ ತೆಗೆಯದೆ ವಾಪಸ್ ಕಳಿಸಿದ. ಮರುವರ್ಷ ಬರಲಿಲ್ಲ. ನಾನು ಮದುವೆಯಾಗಿ ಬೆಟಗೇರಿಗೆ ಬಂದೆ. ಇಲ್ಲಿ ಮಗ್ಗದ ಸಪ್ಪಳದಲ್ಲಿ, ಮಕ್ಕಳ ಶಾಲೆ, ನೀರಿನ ಪಾಳಿಯಲ್ಲಿ ವರ್ಷಗಳು ಹೋದವು. ಖಂಡೇಪೂಜೆ ಬಂದರೆ ಮಾತ್ರ ನಾನು ಮಗ್ಗಕ್ಕೆ ವಿಭೂತಿ ಹಚ್ಚುತ್ತಿರಲಿಲ್ಲ, ನೆಗೆಣ್ಣಿಯ ಕೈಗೆ ಕೊಡುತ್ತಿದ್ದೆ. ಯಾರೂ ಯಾಕೆಂದು ಕೇಳಲಿಲ್ಲ.

ಹದಿನೈದು ವರ್ಷಕ್ಕೆ, ಚಾಚಾ ಹಾಸಿಗೆ ಹಿಡಿದಿದ್ದಾನೆ ಎಂದು ತಿಳಿದು ಒಬ್ಬಳೇ ಮುಂಡರಗಿಗೆ ಹೋದೆ. ಹೊರಸಿನ ಮೇಲೆ ಕಡ್ಡಿಯಾಗಿ ಮಲಗಿದ್ದ. ನಾನು ಕೂತು ಶುರುಮಾಡುವುದಕ್ಕೆ ಮೊದಲೇ ಕಣ್ಣೀರು ಬಂತು.

"ಅಳಬ್ಯಾಡ. ವಿಭೂತಿ ಅಲ್ಲೇನು?" ಅಂದ.

"ನಿಮಗ ಗೊತ್ತಿತ್ತು."

"ಉಗುರಾಗ ಬಂದಿತ್ತಲ್ಲ, ಬಿಳೇದು. ಆಮ್ಯಾಲ ತಾನ ಅಪ್ಪಗ ಹೇಳ್ಯಾಳು ಅಂದ್ಕೊಂಡೆ." ಉಸಿರು ತೆಗೆದುಕೊಂಡ. "ಸಣ್ಣಾಕಿ ಇದ್ದಿ. ಲಗ್ನದ ಮಾತು ನಡದಿತ್ತು. ನನಗೇನು, ಗುಜರಿಯವ, ದಿನಾ ಹತ್ತ ಮಂದಿ ಬೈತಾರ."

"ಅಪ್ಪಗ ಹೇಳ್ತೀನಿ, ಚಾಚಾ."

"ಹೇಳು. ಕರಕೊಂಡ ಬಾ. ಬೈಯಾಕಾದ್ರೂ ಬರ್ಲಿ, ಬಂದ್ರ ಸಾಕು."

ಅಲ್ಲಿಂದ ಊರಿಗೆ ಅರ್ಧ ತಾಸಿನ ದಾರಿ. ಹೋದೆ ಕೂಡ. ಮನೆಯಲ್ಲಿ ಯಾರೋ ಬೀಗರು ಬಂದಿದ್ದರು, ರೊಟ್ಟಿ ಬಡಿಯುವ ಕೆಲಸವಿತ್ತು. ಅಪ್ಪ ಅವರ ಜೊತೆ ನಗುತ್ತ ಕೂತಿದ್ದ. ಬರುವ ವಾರ ಹೇಳೋಣ ಎಂದುಕೊಂಡು ಸಂಜೆಯ ಬಸ್ಸಿಗೆ ಬೆಟಗೇರಿಗೆ ಬಂದುಬಿಟ್ಟೆ. ಇದು ನನ್ನ ಎರಡನೆಯ ತಪ್ಪು. ಮೊದಲನೆಯದಕ್ಕೆ ಹತ್ತೊಂಬತ್ತರ ವಯಸ್ಸಾದರೂ ಇತ್ತು.

ಆರನೆಯ ದಿನ, ಚಾಚಾ ತೀರಿಕೊಂಡನೆಂದು ಅವನ ಮಗ ಫೋನ್ ಮಾಡಿದ. ನಾನು ಊರಿಗೆ ಹೋಗಿ ಅಪ್ಪನಿಗೆ ತಿಳಿಸಿದೆ. "ನಾ ಬರೂದಿಲ್ಲ" ಎಂದ. ಆಗ ಹೇಳಿದೆ. ಕಟ್ಟೆಯ ಮೇಲೆ, ನಿಂತುಕೊಂಡೇ, ತೇಯ್ದದ್ದು, ಹೂ ಚುಚ್ಚಿದ್ದು, ಚಾಚಾ ಉಗುರಿನಿಂದ ಕೆರೆದದ್ದು, ಎಲ್ಲ. ಅಪ್ಪ ಕೇಳಿದ. ಒಳಗೆ ಹೋಗಿ ಬಿಳಿ ಟೊಪ್ಪಿಗೆ ಹಾಕಿಕೊಂಡು ಬಂದ.

ಹೆಂಗಸರು ಮಣ್ಣಿಗೆ ಹೋಗುವುದಿಲ್ಲವಲ್ಲ, ನಾನು ಅವರ ಮನೆಯಲ್ಲಿ ಚಾಚಿಯ ಪಕ್ಕ ಕೂತಿದ್ದೆ. ಅಪ್ಪ ಗಂಡಸರ ಜೊತೆ ಹೋದ, ಎಲ್ಲರಂತೆ ಮೂರು ಹಿಡಿ ಮಣ್ಣು ಹಾಕಿದನೆಂದು ಚಾಚಾನ ಮಗ ಬಂದು ಹೇಳಿದ. ಮೂರು ಹಾಕಿ, ನಾಲ್ಕನೆಯದಕ್ಕೆ ಬಾಗಿದಾಗ ಯಾರೋ ಮೆಲ್ಲಗೆ ಕೈ ಹಿಡಿದರಂತೆ.

ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತಿದ್ದೆವು. ಅವನ ಉಗುರಲ್ಲಿ ಮಣ್ಣಿತ್ತು. ನೀರು ತಂದುಕೊಟ್ಟೆ, ತೊಳೆಯಲಿಲ್ಲ.

"ಅವತ್ತ ಹೇಳಿದ್ರ ಒಂದ ಏಟ ಹೊಡೀತಿದ್ದೆ" ಅಂದ, ನನ್ನ ಕಡೆ ನೋಡದೆ. "ಅಷ್ಟ ಆಗ್ತಿತ್ತು. ಸಂಜಿಗೆ ಮತ್ತ ನಾನ ಕರದು ಉಣ್ಣಾಕ ಕುಂಡ್ರಿಸಿಕೊಳ್ತಿದ್ದೆ."



ಬಸ್ಸು ಬಂತು. ಗದ್ದಲವಿತ್ತು. ಅಪ್ಪ ನನ್ನ ಭುಜ ಹಿಡಿಯದೆ, ಕಂಬಿ ತಡವರಿಸಿ ತಾನೇ ಹತ್ತಿದ. ಸಣ್ಣವಳಿದ್ದಾಗಿನಿಂದ ಬಸ್ಸಿನಲ್ಲಿ ಟವೆಲ್ ಹಾಸಿ ನನಗೆ ಜಾಗ ಹಿಡಿಯುತ್ತಿದ್ದವನು ಆ ದಿನ ಹಿಡಿಯಲಿಲ್ಲ. ನಾನು ಬಾಗಿಲ ಹತ್ತಿರ ನಿಂತೆ.