ಕರಪತ್ರಕ್ಕೆ ಆರಿಸಿದ ಫೋಟೋ

ಈಗ ಕಾಣೆಯಾದವರ ಕರಪತ್ರದ ಮೂಲೆಯಲ್ಲಿ ಕ್ಯೂಆರ್ ಕೋಡ್ ಅಚ್ಚು ಹಾಕುತ್ತಾರೆ. ಮೊಬೈಲ್ ಹಿಡಿದರೆ ಆ ಮನುಷ್ಯನ ಏಳೆಂಟು ಫೋಟೋ ತೆರೆದುಕೊಳ್ಳುತ್ತವೆ. ನಮ್ಮಪ್ಪ ಕಾಣೆಯಾದಾಗ, ಇಸವಿ ಎರಡು ಸಾವಿರ ದಾಟಿ ಮೂರ್ನಾಲ್ಕು ವರ್ಷವಾಗಿತ್ತು, ಕರಪತ್ರದಲ್ಲಿ ಒಂದೇ ಫೋಟೋಗೆ ಜಾಗವಿತ್ತು. ಅದನ್ನು ಆರಿಸಿದವಳು ನಾನು.

ಅಪ್ಪನಿಗೆ ಎರಡು ವರ್ಷದಿಂದ ಮರೆವು. ಬೇಗೂರಿನ ನಮ್ಮ ಮನೆಯಿಂದ ಎದ್ದು ಹೋಗಿ, ಯಾವ ಬಸ್ ನಿಂತರೂ ಹತ್ತಲು ನೋಡುತ್ತಿದ್ದ. ಒಂದು ಮಧ್ಯಾಹ್ನ ಅವ್ವ ಹಿತ್ತಲಿನಲ್ಲಿದ್ದಾಗ ಹೊರಟವನು ಹಿಂತಿರುಗಲಿಲ್ಲ. ಕೇರಳದ ಬಸ್ ಹತ್ತಿದ್ದನ್ನು ಕಂಡೆ ಎಂದರು ಯಾರೋ.

ನಾನು ಆಗ ಎಚ್.ಡಿ. ಕೋಟೆಯ ಸ್ಕೂಲೊಂದರಲ್ಲಿ ಟೀಚರ್. ನನ್ನ ತಮ್ಮ ಅಪ್ಪನ ಎರಡು ಫೋಟೋ ಹಿಡಿದುಕೊಂಡು ಬಂದ. ಒಂದು ತಮ್ಮನ ಮದುವೆಯಲ್ಲಿ ತೆಗೆದದ್ದು: ಪೇಟ, ಬಿಳಿ ಶರಟು, ತುಂಬಿದ ಕೆನ್ನೆ, ಕಪ್ಪು ಹಚ್ಚಿದ ಮೀಸೆ. ಇನ್ನೊಂದು ಹಿಂದಿನ ತಿಂಗಳು ಯಾವುದೋ ಅರ್ಜಿಗೆ ತೆಗೆಸಿದ್ದು. ಹಲ್ಲಿಲ್ಲದ ಬಾಯಿ ಅರೆ ತೆರೆದಿತ್ತು, ಕೆನ್ನೆ ಒಳಕ್ಕೆ ಹೋಗಿತ್ತು, ಗಡ್ಡದ ಬಿಳಿ ಕೂಳೆ.

"ಅಪ್ಪ ಈಗ ಎಂಗವ್ನೋ ಅಂಗಿರೋದ್ನೇ ಆಕ್ಸಕ್ಕ," ಎಂದ ತಮ್ಮ.

"ಬ್ಯಾಡ ಬುಡು. ಇದ್ನ ನೋಡ್ದೋರು ಯಾರೋ ತಿರುಕ ಅಂದ್ಕತಾರೆ," ಎಂದೆ. ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಆ ಮುಖವನ್ನು ನನ್ನ ಸ್ಕೂಲಿನ ಮಕ್ಕಳು, ಜೊತೆಯ ಟೀಚರುಗಳು ನೋಡುತ್ತಾರಲ್ಲ ಎಂಬುದು ನನ್ನ ಮನಸ್ಸಿನಲ್ಲಿದ್ದದ್ದು. ಅದನ್ನು ತಮ್ಮನಿಗೆ ಹೇಳಲಿಲ್ಲ.

ಪೇಟದ ಫೋಟೋವನ್ನೇ ಇಂಟರ್‌ನೆಟ್ ಅಂಗಡಿಯವರು ಸ್ಕ್ಯಾನ್ ಮಾಡಿದರು. ಶುಂಠಿ ಬೆಳೆಯಲು ಬಂದಿದ್ದ ಮಲಯಾಳಿಯೊಬ್ಬರು ನಾಲ್ಕು ಸಾಲನ್ನು ಮಲಯಾಳದಲ್ಲಿ ಕೈಯಲ್ಲೇ ಬರೆದುಕೊಟ್ಟರು. ಅಂಗಡಿಯ ಫೋನ್ ನಂಬರು, ಇ-ಮೇಲ್ ವಿಳಾಸ ಕೆಳಗೆ. ಕರಪತ್ರಗಳನ್ನು ತಮ್ಮ ಹುಣಸೂರಿನಿಂದ ಹಿಡಿದು ಗಡಿಯಾಚೆಯ ಪೇಟೆಗಳವರೆಗೆ ಅಂಟಿಸಿ ಬಂದ.

ಹನ್ನೊಂದು ದಿನ ಏನೂ ಇಲ್ಲ. ಹನ್ನೆರಡನೆಯ ದಿನ ಅಂಗಡಿಯವರು ಸ್ಕೂಲಿಗೇ ಬಂದರು. "ಮೇಡಂ, ಒಂದು ಮೇಲ್ ಬಂದೈತೆ. ನೀವೇ ಬಂದು ಓದಿ."

ಗಡಿಯಾಚೆಯ ಆಸ್ಪತ್ರೆಯೊಂದರ ನರ್ಸ್ ಇಂಗ್ಲಿಷಿನಲ್ಲಿ ಬರೆದಿದ್ದಳು. ರಸ್ತೆ ಬದಿಯಲ್ಲಿ ಬಿದ್ದಿದ್ದ ಮುದುಕನೊಬ್ಬನನ್ನು ತಂದು ಸೇರಿಸಿದ್ದರು. ಟೀ ಅಂಗಡಿಯಲ್ಲಿ ನಿಮ್ಮ ನೋಟೀಸು ಕಂಡೆ, ಹೋಲಿಕೆ ಇರಲಿಲ್ಲ, ಸುಮ್ಮನಾದೆ. ನಿನ್ನೆ ಆತ ತೀರಿಕೊಂಡ. ಕನ್ನಡ ಮಾತಾಡುತ್ತಿದ್ದ ಎಂಬ ಒಂದೇ ಕಾರಣಕ್ಕೆ ಬರೆಯುತ್ತಿದ್ದೇನೆ. ಬೇರೆ ಫೋಟೋ ಇದೆಯೇ?

ಇನ್ನೊಂದು ಫೋಟೋ ನನ್ನ ಬ್ಯಾಗಿನಲ್ಲೇ ಇತ್ತು. ಸ್ಕ್ಯಾನರಿನ ಬೆಳಕು ಅದರ ಮೇಲೆ ನಿಧಾನವಾಗಿ ಹರಿಯಿತು. ಮೇಲ್ ಹೋಗುವಷ್ಟರಲ್ಲಿ ಎರಡು ಸಲ ಲೈನ್ ಕಟ್ಟಾಯಿತು. ಒಂದು ಗಂಟೆಯೊಳಗೆ ಉತ್ತರ ಬಂತು. ಇವರೇ, ಎಂದಿತ್ತು.

ಮರುದಿನ ಬೆಳಿಗ್ಗೆ ನಾನೂ ತಮ್ಮನೂ ಹೋದೆವು. ಶವಾಗಾರದಲ್ಲಿ ಅಪ್ಪ ಎರಡನೆಯ ಫೋಟೋದಲ್ಲಿದ್ದಂತೆಯೇ ಇದ್ದ, ಬಾಯಿ ಕೂಡ. ತಮ್ಮ ಅವನ ಕಾಲು ಹಿಡಿದು ಕೂತುಬಿಟ್ಟ. ಹೊರಗೆ ಆ ನರ್ಸ್ ನನ್ನ ಕೈ ಹಿಡಿದುಕೊಂಡಳು. ಅವಳಿಗೆ ಅರೆಬರೆ ಕನ್ನಡ ಬರುತ್ತಿತ್ತು.

"ನೋಟೀಸ್ ತಂದು ಅವರಿಗೇ ತೋರಿಸಿದೆ ಅಕ್ಕ. ಇದು ನೀವಾ, ಕೇಳಿದೆ. ತುಂಬಾ ಹೊತ್ತು ನೋಡಿದರು. ಇವ್ರು ಯಾರೋ ಸಾವ್ಕಾರ್ರು ಕಣವ್ವ, ಹೇಳಿದರು."

ನನಗೆ ಅವಳ ಮುಖ ನೋಡಲಾಗಲಿಲ್ಲ. ಎಷ್ಟು ದಿನ ಇಲ್ಲಿದ್ದ ಎಂದು ಕೇಳಿದೆ. ಒಂಬತ್ತು ದಿನ ಎಂದಳು.

ಅಪ್ಪನನ್ನು ಜೀಪಿನಲ್ಲಿ ತಂದು ಹೊಲದಲ್ಲೇ ಮಣ್ಣು ಮಾಡಿದೆವು. ಅವ್ವ ಅತ್ತಿದ್ದು ಕಡಿಮೆ. ಸಂಜೆ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳಿದಳು: "ಅಲ್ಲಿ ವಟ್ಟೆಗೆ ಏನಾರ ಕೊಟ್ಟಿದ್ರಂತಾ?"

"ಗಂಜಿ ಕೊಡ್ತಿದ್ರಂತೆ ಕಣವ್ವ. ಕುಡೀತಿದ್ನಂತೆ."

ಅದನ್ನು ನಾನು ನರ್ಸ್ ಹತ್ತಿರ ಕೇಳಿಯೇ ಇರಲಿಲ್ಲ. ಕರಪತ್ರದ ಫೋಟೋ ವಿಷಯ ಅವ್ವನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಗೊತ್ತಿದ್ದ ತಮ್ಮ ಒಂದು ಸಲವೂ ಅದನ್ನು ಎತ್ತಿ ಆಡಲಿಲ್ಲ. ಜಗಳದಲ್ಲಾದರೂ ಅಂದುಬಿಡಲಿ ಎಂದು ನಾನು ಎಷ್ಟೋ ವರ್ಷ ಕಾದಿದ್ದೇನೆ.