ಭೋಂಗಾ ನುಂಗಿದ ಸಾಲು

ಇವತ್ತು ಮಧ್ಯಾಹ್ನ ಮತ್ತೆ ಆ ಹಾಡು ಬಂತು. ಗಣೇಶಗುಡಿಯ ನಮ್ಮ ಹೋಮ್‌ಸ್ಟೇಯಲ್ಲಿ ರಾಫ್ಟಿಂಗ್ ಮುಗಿಸಿ ಬಂದವರು ಒದ್ದೆ ಬಟ್ಟೆಗಳನ್ನು ದಾಸವಾಳದ ಗಿಡದ ಮೇಲೆ ಹರವಿದರು. ಆಮೇಲೆ ಸ್ಪೀಕರನ್ನು ಕಟ್ಟೆಯ ಮೇಲಿಟ್ಟು ಹಳೆಯ ಹಿಂದಿ ಹಾಡೊಂದನ್ನು ಹಚ್ಚಿದರು. ನಾನು ಕೌಂಟರಿನಲ್ಲಿ ಕೂತು, ರೂಮಿನ ದರ ಇಳಿಸಿ ಎಂದು ಹಟ ಹಿಡಿದ ಗಿರಾಕಿಯೊಬ್ಬರೊಂದಿಗೆ ಫೋನಿನಲ್ಲಿ ವಾದ ಮಾಡುತ್ತಿದ್ದೆ. ಹಾಡು ಕಿವಿಗೆ ಬಿದ್ದದ್ದೇ ನನ್ನ ಮಾತು ನಿಂತುಹೋಯಿತು. ನನ್ನ ಮೌನವನ್ನು ಬಿಗುಮಾನವೆಂದು ತಿಳಿದ ಗಿರಾಕಿ ತಾವೇ ಮೊದಲಿನ ದರಕ್ಕೆ ಒಪ್ಪಿಬಿಟ್ಟರು. ನೀವೂ ಯಾವಾಗಲಾದರೂ ಪ್ರಯೋಗ ಮಾಡಿ ನೋಡಿ, ಚೌಕಾಸಿಯಲ್ಲಿ ಬಾಯಿ ಮುಚ್ಚಿಕೊಂಡಷ್ಟು ಲಾಭ ಬಾಯಿ ತೆರೆದರೆ ಇಲ್ಲ. ನನಗೆ ಮಾತ್ರ ಆಗ ಗೆದ್ದದ್ದು ಗೊತ್ತೇ ಆಗಲಿಲ್ಲ.

ನಾನು ದಾಂಡೇಲಿಯವಳು. ಅಪ್ಪ ಕಾಗದದ ಮಿಲ್ಲಿನಲ್ಲಿ ಕೆಲಸಕ್ಕಿದ್ದಾನೆ. ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದೇನೆ, ಶನಿವಾರ ಮತ್ತು ರವಿವಾರ ಮಧ್ಯಾಹ್ನದ ಮೇಲೆ ಇಲ್ಲಿಗೆ ಬರುತ್ತೇನೆ. ಪ್ಲೇಟು ಎತ್ತಲು ಸೇರಿದವಳು ಈಗ ಕೌಂಟರಿನಲ್ಲಿ ಕೂತಿದ್ದೇನೆಂದರೆ ಅದು ಯಾರ ಶಿಫಾರಸ್ಸೂ ಅಲ್ಲ, ನನ್ನ ನಾಲಿಗೆ. ಆ ನಾಲಿಗೆಯನ್ನು ಹದ ಮಾಡಿದವರು ನಮ್ಮ ಸಂಡೇ ಸ್ಕೂಲಿನ ರೂತಕ್ಕೋರು.

ನಮ್ಮ ಕಡೆ ಟೀಚರಮ್ಮನಿಗೆ ಅಕ್ಕೋರು ಎನ್ನುತ್ತಾರೆ. ರೂತಕ್ಕೋರು ಬಿಳಿ ಸೀರೆಗೆ ಪಿನ್ನು ಚುಚ್ಚಿ, ಕಂಕುಳಲ್ಲಿ ಸತ್ಯವೇದ ಹಿಡಿದು ಬಂದರೆ ಚರ್ಚಿನ ಹಿಂದಿನ ಕೋಣೆಯಲ್ಲಿ ಬೆಂಚುಗಳೂ ಸರಿಯಾಗಿ ಕೂಡುತ್ತಿದ್ದವು. ಅವರ ಲೋಕದಲ್ಲಿ ಹಾಡುಗಳು ಎರಡೇ ಬಗೆ. ಒಂದು ದೇವರ ಹಾಡು, ಇನ್ನೊಂದು ಲೋಕದ ಹಾಡು. ಸಿನಿಮಾದ್ದು, ಟೀವಿಯದ್ದು, ಮದುವೆ ಬ್ಯಾಂಡಿನದ್ದು ಎಲ್ಲವೂ ಲೋಕದ್ದು. ಯಾರಾದರೂ ಲೋಕದ ಹಾಡು ಗುನುಗಿದ್ದು ಕಿವಿಗೆ ಬಿದ್ದರೆ ಅವರು ಬೈಯುತ್ತಿರಲಿಲ್ಲ. ಮುಂದಿನ ವಾರದೊಳಗೆ ಒಂದು ಕೀರ್ತನೆಯನ್ನು ಬಾಯಿಪಾಠ ಮಾಡಿ ಒಪ್ಪಿಸಬೇಕಿತ್ತು, ಅಷ್ಟೇ. ಎಲ್ಲರಿಗಿಂತ ಹೆಚ್ಚು ಸಿಕ್ಕಿಬೀಳುತ್ತಿದ್ದವಳು ನಾನು. ಅವರು ಉದ್ದದ್ದೊಂದನ್ನು ಹೇಳಿದರೆ ನಾನು ಇಡೀ ಪುಸ್ತಕದಲ್ಲಿ ಎಲ್ಲಕ್ಕಿಂತ ಚಿಕ್ಕದಾದ, ಎರಡೇ ವಚನದ ಕೀರ್ತನೆಯನ್ನು ಹುಡುಕಿ ಹಿಡಿದು ಎದುರು ನಿಲ್ಲುತ್ತಿದ್ದೆ.

“ಕೀರ್ತನಿ ಅಂದ್ರ ಕೀರ್ತನಿ ಅಲ್ಲೇನ್ರೀ ಅಕ್ಕೋರ? ಉದ್ದಂದು ಅಂತ ನೀವು ಮೊದಲ ಹೇಳಿರಲಿಲ್ಲ.”

“ಪರಲೋಕದ ಬಾಗಲದಾಗೂ ನೀ ಹಿಂಗ ಜಗ್ಗ್ಯಾಡ್ತಿ,” ಎಂದು ನನ್ನ ಚೌಕಾಸಿಯನ್ನು ಆಡಿಕೊಳ್ಳುತ್ತಿದ್ದರು. ಆದರೆ ಒಪ್ಪುತ್ತಿದ್ದರು.

ದೊಡ್ಡವಳಾದ ಮೇಲೆ ನಾನು ದೇವರೊಂದಿಗೂ ಇಂಥದ್ದೇ ಒಪ್ಪಂದ ಮಾಡಿಕೊಂಡೆ. ಕಾಲೇಜಿನ ಬಸ್ಸಿನಲ್ಲಿ ಗೆಳತಿಯರು ಸಿನಿಮಾ ಹಾಡು ಕೇಳುವಾಗ ನಾನು ಇಯರ್‌ಫೋನನ್ನು ಒಂದೇ ಕಿವಿಗೆ ಹಾಕಿಕೊಳ್ಳುತ್ತಿದ್ದೆ. ಅರ್ಧ ಕೇಳಿದರೆ ಅರ್ಧ ತಪ್ಪು ಎಂಬುದು ನನ್ನ ಹಿಸೇಬು. ದೇಶಭಕ್ತಿಯದಾದರೆ ಎರಡೂ ಕಿವಿ. ಜೋಗುಳವಾದರೆ ಎರಡೂ ಕಿವಿ, ಕಣ್ಣು ಮುಚ್ಚಿ. ನಗಬೇಡಿ. ಪ್ರತಿ ಮನೆಯಲ್ಲೂ ಇಂಥದ್ದೊಂದು ಬೇಲಿ ಇರುತ್ತದೆ, ಅದರಲ್ಲಿ ನೀವು ಮಾತ್ರ ನುಸುಳಬಹುದಾದ ಕಿಂಡಿಯೂ ಇರುತ್ತದೆ. ಬೇಲಿಯನ್ನು ಕಿತ್ತುಹಾಕುವಷ್ಟು ಧೈರ್ಯ ನನಗಿರಲಿಲ್ಲ. ಯಾಕೆಂದರೆ ಬೇಲಿಯೊಳಗೆ ನನ್ನದೊಂದು ಹಾಡಿತ್ತು.

ಆ ಹಾಡನ್ನು ಕಟ್ಟಿದವರು ರೂತಕ್ಕೋರೇ. ನಮ್ಮ ಸಭೆಯಲ್ಲಿ ಯಾರು ತೀರಿಕೊಂಡರೂ ಮಣ್ಣು ಕೊಡುವಾಗ ಅದನ್ನೇ ಹಾಡುತ್ತಾರೆ.

ಹೊಳೆಯಾಚೆ ದಡದಲ್ಲಿ ದೀಪ ಹಚ್ಚಿದವನೇ,
ನನ್ನ ಹೆಸರ ಹಿಡಿದು ಮೆಲ್ಲನೆ ಕರೆದವನೇ,
ಬರುತೇನೆ ತಾಳು, ಕದ ಮುಂದೆ ಮಾಡಿ,
ನಿನ್ನ ಬೆಳಕಿನ ಮನೆಗೆ ಬರಿಗಾಲಲಿ ಓಡಿ.

ನಾನು ಒಂಬತ್ತನೇ ಇಯತ್ತೆಯಲ್ಲಿದ್ದಾಗ ಅವ್ವ ತೀರಿಕೊಂಡಳು. ಅವ್ವನ ಮಣ್ಣಿಗೂ ರೂತಕ್ಕೋರೇ ಮೊದಲು ದನಿ ಎತ್ತಿದರು. ಮೂರನೇ ಸಾಲಿಗೆ ರಾಗ ಒಮ್ಮೆಲೇ ಮೇಲೇರಿ, ಹೊಸ್ತಿಲಲ್ಲಿ ಏನೋ ಮರೆತವರ ಹಾಗೆ ನಿಲ್ಲುತ್ತದೆ. ಎಲ್ಲಿಗೆ ಹೊರಟರೂ, ಬಾಗಿಲನ್ನು ಎಳೆದುಕೊಳ್ಳುತ್ತ, ಅವ್ವನದು ಅದೇ ಮಾತು: “ತಾಳು, ಕದ ಮುಂದ ಮಾಡಿ ಬರ್ತೇನಿ.” ಅವತ್ತು ನಾನು ಅತ್ತದ್ದು ಆ ಒಂದು ಸಾಲಿಗೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಕಾಲೇಜಿನ ವಾರ್ಷಿಕ ಸಮಾರಂಭಕ್ಕೆ ಗ್ಯಾದರಿಂಗ್ ಎನ್ನುತ್ತಾರೆ. ಎರಡು ವರ್ಷ ನನ್ನನ್ನು ಸಿನಿಮಾ ಹಾಡಿಗೆ ಕರೆದರು, ಎರಡು ವರ್ಷವೂ ಗಂಟಲು ನೋವೆಂದು ತಪ್ಪಿಸಿಕೊಂಡೆ. ಇದು ಕೊನೆಯ ವರ್ಷ. ಹಾಡಬೇಕೆಂಬ ಆಸೆ ಬಲವಾಗಿತ್ತು. ಮೂರು ವಾರದ ಹಿಂದೆ, ಹೆಸರು ಕೊಡಲೋ ಬೇಡವೋ ಎಂದು ತೂಗುತ್ತ ಇದೇ ಕೌಂಟರಿನಲ್ಲಿ ಕೂತಿದ್ದೆ. ಆಗ ಅಂಗಳದ ಸ್ಪೀಕರಿನಿಂದ ನಮ್ಮ ಮಣ್ಣಿನ ಹಾಡು ಕೇಳಿಸಿತು.

ರಾಗ ಅದೇ, ಏರಿಳಿತ ಅದೇ. ಭಾಷೆ ಮಾತ್ರ ಹಿಂದಿ. ಅಂಗಳದಲ್ಲಿ ಅರ್ಧ ಚಡ್ಡಿಯ ಗಂಡಸರು ಬೀರಿನ ಬಾಟಲಿಯನ್ನು ತಲೆಯ ಮೇಲಿಟ್ಟುಕೊಂಡು ಕುಣಿಯುತ್ತಿದ್ದರು. ನನ್ನ ಅವ್ವನ ಹಾಡಿಗೆ.

ರಾಫ್ಟ್ ನಡೆಸುವ ಇರ್ಫಾನಣ್ಣನಿಗೆ ಹಳೆಯ ಪಿಕ್ಚರುಗಳೆಲ್ಲ ಬಾಯಿಪಾಠ. ಇದು ಯಾವುದೆಂದು ಕೇಳಿದೆ.

“ಇದು ಗೊತ್ತಿಲ್ಲೇನು? ಹೀರೋಯಿನ್ ಕೈಯಾಗ ಗ್ಲಾಸ್ ಹಿಡಕೊಂಡು ಕುಣೀತಾಳಲ್ಲ, ಸೇಠನ ಪಾರ್ಟಿಯೊಳಗ. ಭಾಳ ಫೇಮಸ್ ಐತಿ,” ಎಂದು ಫೋನಿನಲ್ಲಿ ತೆಗೆದು ತೋರಿಸಿದ. ಆಮೇಲೆ ನನ್ನ ಮುಖ ನೋಡಿ, “ಯಾಕ ತಂಗಿ, ಆಕಿ ನಿಮ್ಮ ಸಂಬಂಧಿಕಳೇನು?” ಎಂದ.

ಮಿನುಗುವ ಬಟ್ಟೆ ತೊಟ್ಟ ಹೆಂಗಸು ಗ್ಲಾಸು ಎತ್ತಿ ನಗುತ್ತಿದ್ದಳು. ಪೂರ್ತಿ ನೋಡಲಾಗದೆ ಫೋನನ್ನು ತಿರುಗಿ ಕೊಟ್ಟೆ. ಆದರೆ ನಾನು ವ್ಯಾಪಾರದವಳು. ಸಂಜೆಯ ಹೊತ್ತಿಗೆ ಆಘಾತದ ಅಡಿಯಿಂದ ಲಾಭದ ಯೋಚನೆ ತಲೆ ಎತ್ತಿತು. ಕಟ್ಟಿಕೊಟ್ಟ ಮಾಲಿನಲ್ಲೇ ದೋಷವಿದೆ. ಇದನ್ನು ಎದುರಿಗಿಟ್ಟರೆ ಅಕ್ಕೋರಿಗೆ ಲೋಕದ ಹಾಡು ಬೇಡವೆನ್ನಲು ಯಾವ ಬಾಯಿ ಉಳಿದೀತು? ನನಗೆ ಬಿಡುಗಡೆ ಸಿಕ್ಕಿತೆಂದೇ ಲೆಕ್ಕ.

ರೂತಕ್ಕೋರು ಈಗ ಹಳಿಯಾಳದ ಹತ್ತಿರ ಸಾಂಬ್ರಾಣಿಯಲ್ಲಿ ತಮ್ಮನ ಮನೆಯಲ್ಲಿದ್ದಾರೆ. ನಾನು ಹೋದಾಗ ಪಡಸಾಲೆಯಲ್ಲಿ ಕೂತು ಗೋವಿನಜೋಳದ ತೆನೆ ಬಿಡಿಸುತ್ತಿದ್ದರು. ಚಹಾ ಕುಡಿಯುವವರೆಗೆ ತಾಳಿಕೊಂಡು, ಗ್ಯಾದರಿಂಗಿನಲ್ಲಿ ಹಾಡುವ ಆಸೆಯನ್ನು ಹೇಳಿ, ಕೇಳ್ರಿ ಎಂದು ಫೋನನ್ನು ಅವರ ಮುಂದೆ ಹಿಡಿದೆ.

ಅವರು ಕನ್ನಡಕ ಹಾಕಿಕೊಂಡು ಕೊನೆಯತನಕ ನೋಡಿದರು. ಕೈಯಲ್ಲಿದ್ದ ತೆನೆ ಹಾಗೆಯೇ ಇತ್ತು.

“ಇದು ದೇವರ ಪಿಕ್ಚರ್ ಅಂತ ಹೇಳಿದ್ದ ನಮ್ಮಪ್ಪ,” ಎಂದರು ಕೊನೆಗೆ.

ಆಗ ತಿಳಿದದ್ದು ಇಷ್ಟು. ಅವರ ಅಪ್ಪ ಮಿಲ್ಲಿನ ನೌಕರ, ಸಭೆಯ ಹಿರಿಯ. ಆ ಕಾಲದಲ್ಲಿ ಮಿಲ್ಲಿನ ಕ್ವಾರ್ಟರ್ಸಿನ ಬಯಲಲ್ಲಿ ಬಿಳಿ ಪರದೆ ಕಟ್ಟಿ ಪಿಕ್ಚರ್ ತೋರಿಸುತ್ತಿದ್ದರು. ಅದೊಂದು ಪಿಕ್ಚರನ್ನು ಜನರ ಒತ್ತಾಯಕ್ಕೆ ಮೂರು ದಿನ ಹಾಕಿದ್ದರಂತೆ. ಮಕ್ಕಳು ಕೇಳಿದಾಗ ಅಪ್ಪ, “ಯಾವ್ದೋ ದೇವರ ಪಿಕ್ಚರ್ ಐತಿ, ನಮ್ಮದಲ್ಲ, ಮಲಗ್ರಿ” ಎಂದು ಹೇಳಿ, ಕದ ಮುಂದೆ ಮಾಡಿ ಪ್ರಾರ್ಥನೆಗೆ ಹೋಗುತ್ತಿದ್ದರು. ಹುಡುಗಿ ರೂತ್ ಕದದ ಹಿಂದೆ ಕೂತು ಹಾಡು ಕೇಳಿದ್ದಾಳೆ. ಅವಳ ಅವ್ವ ಆಗಷ್ಟೇ ತೀರಿಕೊಂಡಿದ್ದಳು.

“ಹಿಂದಿ ಬರ್ತಿರಲಿಲ್ಲ ನನಗ. ಆ ಹೆಣ್ಮಗಳ ದನಿಯೊಳಗ ಅಷ್ಟು ಸಂಕಟ ಇತ್ತವ್ವ. ಯಾರೋ ಸತ್ತಾರ, ದೇವರನ್ನ ಕರೀಲಿಕ್ಕತ್ತಾಳ ಅಂತ ತಿಳಕೊಂಡೆ. ಯಾ ದೇವರಾದ್ರೇನು, ಕರಿಯೂ ರಾಗ ಒಂದ ಅಲ್ಲ ಅಂತ ನಮ್ಮ ಮಾತು ಕೂಡಿಸಿದೆ.” ಅವರು ತೆನೆಯನ್ನು ಬುಟ್ಟಿಗೆ ಹಾಕಿದರು. “ಬರೂ ರವಿವಾರ ಸಭೆಯೊಳಗ ಹೇಳಿಬಿಡ್ತೇನಿ. ಇನ್ನ ಮ್ಯಾಲ ಈ ಹಾಡು ಮಣ್ಣಿಗೆ ಹಾಡೂದು ಬ್ಯಾಡ. ನೀ ಗ್ಯಾದರಿಂಗ್‌ನ್ಯಾಗ ಏನ್ ಬೇಕಾದ್ದು ಹಾಡು. ನಿನಗ ಬ್ಯಾಡ ಅನ್ನಾಕ ನನಗ ಬಾಯಿ ಇಲ್ಲ.”

ಕೇಳಿದ್ದೆಲ್ಲ ಕೇಳಿದ ಕ್ಷಣದಲ್ಲೇ ಸಿಕ್ಕಿತು. ನಿಮಗೊಂದು ಮಾತು ಹೇಳುತ್ತೇನೆ: ಎದುರಿನವರು ಜಗ್ಗಾಡದೆ ಒಪ್ಪಿದರೆ ಸಂಚಿಯನ್ನು ಬಿಚ್ಚಿ ನೋಡಿ, ನಿಮ್ಮದೇ ಏನೋ ಅವರ ಕಡೆ ಹೋಗಿರುತ್ತದೆ. ನನ್ನ ಕಡೆಯಿಂದ ಅವ್ವನ ಹಾಡು ಹೋಗುತ್ತಿತ್ತು.

ಮಾರಲು ಹೋದವಳು ಕೂಡಲೇ ಕೊಳ್ಳುವವಳಾದೆ. “ಅಕ್ಕೋರ, ಅದು ಅವ್ವನ ಮಣ್ಣಿಗೆ ಹಾಡಿದ್ದರೀ.”

“ನಾನ ಹಾಡೇನಿ. ನಿಮ್ಮವ್ವನ ಎದುರಿಗೆ ಗ್ಲಾಸ್ ಹಿಡದಾಕಿ ಹಾಡು ಹಾಡಿದ್ನಲ್ಲ.”

“ಮತ್ತೊಮ್ಮೆ ಕೇಳ್ರಿ. ನೋಡಬ್ಯಾಡ್ರಿ.” ಫೋನನ್ನು ಡಬ್ಬ ಹಾಕಿ ಹಚ್ಚಿದೆ. ಗ್ಲಾಸು, ಮಿನುಗು ಎಲ್ಲ ಚಾಪೆಗೆ ಮುಖ ಮಾಡಿದವು. ನಾನು ಜೊತೆಗೆ ನಮ್ಮ ಮಾತುಗಳನ್ನು ಹಾಡುತ್ತ ಹೋದೆ. ಎರಡು ಸಾಲು ಕೂದಲೆಳೆಯಷ್ಟೂ ಬದಲಿಲ್ಲದೆ ಕೂಡಿದವು. ಮೂರನೆಯದಕ್ಕೆ ನಾನು ಮೇಲೇರಿದೆ, ಫೋನು ಕೆಳಗಿಳಿಯಿತು. ಗಣೇಶಗುಡಿಯಲ್ಲಿ ಗಾಬರಿಯೊಳಗೆ ಇದನ್ನು ಗಮನಿಸಿರಲಿಲ್ಲ.

“ಈ ಸಾಲು ಅಲ್ಲಿ ಇಲ್ಲರೀ. ಎಲ್ಲಿಂದ ತಂದ್ರಿ?”

ಅಕ್ಕೋರು ಆ ಸಾಲನ್ನು ತಾವೇ ಒಮ್ಮೆ ಗುನುಗಿ ನೋಡಿದರು. “ಭೋಂಗಾ,” ಎಂದರು. ಪಾಳಿ ಬಿಡುವ ಹೊತ್ತಿಗೆ ಮಿಲ್ಲಿನ ಸೈರನ್ನು, ನಮ್ಮ ಮಾತಿನಲ್ಲಿ ಭೋಂಗಾ, ಕೂಗುತ್ತದೆ, ದಾಂಡೇಲಿಯಲ್ಲಿ ಹುಟ್ಟಿದವರಿಗೆ ಅದೇ ಗಡಿಯಾರ. ಮೂರು ದಿನವೂ ಪಿಕ್ಚರ್ ಒಂದೇ ಹೊತ್ತಿಗೆ ಶುರುವಾಗಿ, ಮೂರು ದಿನವೂ ಭೋಂಗಾ ಆ ಸಾಲನ್ನು ನುಂಗಿತ್ತು. “ಆ ಸಾಲು ನನಗ ಕೇಳಿಸಲೇ ಇಲ್ಲ. ಖಾಲಿ ಬಿಡೂದು ಹೆಂಗ ಅಂತ ನಾನ ತುಂಬಿದೆ.”

ಬೆಳಕು ಕಂಡಿತು ನನಗೆ. ನಮ್ಮ ಸತ್ಯವೇದದಲ್ಲಿ ನನಗೆ ಅತಿ ಇಷ್ಟದ ಕಥೆ, ಹಾಳಾಗಬೇಕಿದ್ದ ಊರಿನ ಪರವಾಗಿ ಹಿರಿಯನೊಬ್ಬ ದೇವರೊಡನೆ ಚೌಕಾಸಿ ಮಾಡಿದ್ದು. ಐವತ್ತು ಒಳ್ಳೆಯವರಿದ್ದರೆ ಊರನ್ನು ಉಳಿಸುತ್ತೀಯಾ ಎಂದು ಶುರುಮಾಡಿ ಹತ್ತಕ್ಕೆ ತಂದು ನಿಲ್ಲಿಸುತ್ತಾನೆ.

“ಹತ್ತು ಮಂದಿಗೆ ಊರು ಉಳಸ್ತೇನಿ ಅಂದಿದ್ದ ದೇವರು. ಒಂದು ಸಾಲಿಗೆ ಹಾಡು ಉಳಸಾಕ ಬರೂದಿಲ್ಲೇನ್ರೀ?”

“ಆ ಊರು ಉಳೀಲಿಲ್ಲ,” ಎಂದರು ಅಕ್ಕೋರು.

ಜೀವನದಲ್ಲಿ ಮೊದಲ ಸಲ ಬರಿಗೈಲಿ ಬಸ್ಸು ಹತ್ತಿದೆ.

ರವಿವಾರ ಅವರು ಬಂದರು, ಆರಾಧನೆ ಮುಗಿಯುವ ಮುಂಚೆ ಎದ್ದು ನಿಂತು, ಒಂದು ಮಾತನ್ನೂ ಮುಚ್ಚಿಡದೆ ಎಲ್ಲವನ್ನೂ ಹೇಳಿದರು. ಗ್ಲಾಸನ್ನೂ ಬಿಡಲಿಲ್ಲ. ಸಭಾಪಾಲಕರು ತಲೆ ತಗ್ಗಿಸಿದರು. ನನ್ನ ಅಪ್ಪ ತನ್ನ ಹೆಬ್ಬೆರಳನ್ನು ನೋಡುತ್ತಿದ್ದ. ಆಗ ಹಿಂದಿನ ಬೆಂಚಿನಿಂದ ದೇವಪ್ಪಜ್ಜ ಎದ್ದ. ಮಿಲ್ಲಿನಿಂದ ನಿವೃತ್ತನಾಗಿ ಎಷ್ಟೋ ವರ್ಷವಾದವನು, ಕೋಲಿಲ್ಲದೆ ಏಳುವುದಿಲ್ಲ.

“ಅಕ್ಕೋರ, ಇದು ನಮಗ ಮೊದಲಿಂದ ಗೊತ್ತಿತ್ತರೀ. ಹಳೇ ಮಂದಿಗೆಲ್ಲಾ ಗೊತ್ತೈತಿ.”

“ಮತ್ತ ಯಾಕ ಹೇಳಲಿಲ್ಲ?”

“ಹೆಂಗ ಹೇಳೂದ್ರೀ? ಹೇಳಿದ್ರ ನಾವು ಪಿಕ್ಚರ್ ನೋಡಿದ್ದು ಗೊತ್ತಾಗ್ತಿತ್ತು.”

ಯಾರೋ ಕೆಮ್ಮಿದರು. ನನಗೊಬ್ಬಳಿಗೇ ಕಿಂಡಿ ಗೊತ್ತೆಂದು ಬೀಗುತ್ತಿದ್ದೆನಲ್ಲ, ಅದರಲ್ಲಿ ಇಡೀ ಸಭೆಯೇ ನುಸುಳಿ, ಒಬ್ಬರ ಬೆನ್ನನ್ನು ಒಬ್ಬರು ನೋಡದ ಹಾಗೆ ಕೂತಿತ್ತು. ದೇವಪ್ಪಜ್ಜನ ಮಾತು ಇನ್ನೂ ಮುಗಿದಿರಲಿಲ್ಲ.

“ನಿಮ್ಮಪ್ಪ ನನ್ನ ಮಗ್ಗಲಕ್ಕ ಕೂಡ್ತಿದ್ದ. ಮೂರೂ ದಿನ ಬಂದ. ಈ ಹಾಡು ಬರೂತನಕ ಕೂಡ್ತಿದ್ದ, ಮುಗಿದ ಕೂಡಲೆ ಕಣ್ಣು ಒರಸಿಕೊಂಡು ಎದ್ದು ಹೋಗ್ತಿದ್ದ. ನಿಮ್ಮವ್ವ ಹೋದ ವರ್ಷ ಅದು.”

ರೂತಕ್ಕೋರು ಅಲ್ಲೇ ಕೂತುಬಿಟ್ಟರು. ಮಕ್ಕಳು ಕೂಡುವ ಬೆಂಚಿನ ಮೇಲೆ.

ಅವರನ್ನು ಬಸ್ ನಿಲ್ದಾಣದತನಕ ಕಳಿಸಲು ಹೋದೆ. ಬಸ್ಸು ಬಂದು ನಿಂತಾಗ, “ಹಾಡು ಏನ್ ಮಾಡೂದ್ರೀ?” ಎಂದು ಕೇಳಿದೆ.

“ನಂದು ಒಂದ ಸಾಲು. ಉಳದದ್ದು ನಮ್ಮಪ್ಪಂದು. ಅವನ ಸಾಮಾನು ಹೊರಗ ಒಗ್ಯಾಕ ನಾ ಯಾರು?” ಎಂದು ಬಸ್ಸು ಹತ್ತಿದರು.

“ಮತ್ತ ಗ್ಯಾದರಿಂಗ್‌ರೀ?”

ಕಿಟಕಿಯಿಂದ ನನ್ನನ್ನೇ ನೋಡಿದರು. “ಅದನ್ಯಾಕ ನನ್ನ ಕೇಳ್ತಿ? ಹಾಡಾಕಿ ನೀ.”

ಗ್ಯಾದರಿಂಗ್ ಬರುವ ಶನಿವಾರ ಇದೆ. ಹೆಸರು ಕೊಟ್ಟಿದ್ದೇನೆ, ಹಾಡನ್ನು ಮಾತ್ರ ಇನ್ನೂ ಆರಿಸಿಲ್ಲ. ಬೇಡವೆನ್ನುವವರಿದ್ದಾಗ ನೂರು ಹಾಡು ಬಾಯಿಗೆ ಬರುತ್ತಿದ್ದವು. ಈಗ ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಒಂದೊಂದನ್ನೂ ಕೇಳುತ್ತೇನೆ, ಯಾರ ಸಂಕಟ ಇದು, ಇದನ್ನು ನಾನು ನನ್ನದೆಂದು ಹೇಗೆ ಹಾಡಲಿ ಎನ್ನಿಸಿ ಮುಂದಿನದಕ್ಕೆ ಹೋಗುತ್ತೇನೆ. ಎಲ್ಲರಿಗೂ ಸಲಹೆ ಕೊಡುವ ನನಗೆ ಇದಕ್ಕೆ ಸಲಹೆ ಕೊಡುವವರು ಯಾರೂ ಇಲ್ಲ. ಇದ್ದರೂ ಕೇಳಬಾರದೆಂದು ಅಕ್ಕೋರೇ ಹೇಳಿಯಾಗಿದೆ.

ಇವತ್ತು ಗಿರಾಕಿಯ ಫೋನು ಮುಗಿದಾಗ ಅಂಗಳದಲ್ಲಿ ಹಾಡು ಎರಡನೇ ಸಾಲನ್ನು ಮುಗಿಸುತ್ತಿತ್ತು. ನಾನು ಫೋನನ್ನು ಡಬ್ಬ ಹಾಕಿಟ್ಟು ಕಾದೆ. ಗಣೇಶಗುಡಿಯಲ್ಲಿ ಭೋಂಗಾ ಕೇಳಿಸುವುದಿಲ್ಲ, ಕೆಳಗೆ ಹರಿಯುವ ಕಾಳಿ ಹೊಳೆಯ ಸದ್ದು ಮಾತ್ರ. ಸ್ಪೀಕರಿನ ಹೆಂಗಸು ಕೆಳಗಿಳಿದಳು. ನಾನು ಅಕ್ಕೋರ ಸಾಲು ಹಿಡಿದು ಮೇಲೇರಿದೆ. ಬಾಟಲಿ ಹಿಡಿದವನೊಬ್ಬ ತಿರುಗಿ ನೋಡಿ, “ಮೇಡಂ, ಆ ಲೈನು ಹಾಗಲ್ಲ” ಎಂದ.

ಜಗ್ಗಾಡಲು ಹೋಗಲಿಲ್ಲ. ಸಾಲನ್ನು ಪೂರ್ತಿ ಹಾಡಿ ಮುಗಿಸಿದೆ.