ಎದುರು ಕಿಟಕಿಯ ಹಗ್ಗ

ವೆನಿಸ್ಸಿನ ಈ ಇಕ್ಕಟ್ಟು ಓಣಿಯಲ್ಲಿ, ಸಾನ್ ಮಾರ್ಕೊ ಚೌಕ ಹುಡುಕುವ ಪ್ರವಾಸಿಗರ ಪೆಟ್ಟಿಗೆಯ ಚಕ್ರ ಗಡಗಡ ಎಂದರೆ ಸಾಕು, ಎರಡನೆಯ ಮಹಡಿಯ ಕಿಟಕಿಯಿಂದ ಮುದುಕಿ ಎಲ್ವೀರಾಳ ತಲೆ ಹೊರಬರುತ್ತದೆ. ‘ಮೆಲ್ಲಗೆ ಎಳೀರೋ, ಇಲ್ಲಿನ್ನೂ ಜನ ಬದುಕಿದೀವಿ!’ ಎಂದು ಕಿರುಚುತ್ತಾಳೆ. ಅವರು ತಲೆಯೆತ್ತಿ ನಕ್ಕು ಫೋಟೊ ತೆಗೆಯುತ್ತಾರೆ. ಅವಳಿಗೆ ಮೈಯೆಲ್ಲ ಉರಿಯುತ್ತದೆ. ಎದುರು ಗೋಡೆಯವರೆಗೆ ಕಟ್ಟಿದ ಹಗ್ಗಕ್ಕೆ ಹಿಂಡದ ಚಾದರ ನೇತುಹಾಕಿ ಅವರ ನೆತ್ತಿಯ ಮೇಲೆ ನೀರಿಳಿಸುತ್ತಾಳೆ. ಅದಕ್ಕೂ ಚಪ್ಪಾಳೆ ತಟ್ಟುತ್ತಾರೆ, ದರಿದ್ರದವರು! ಎದುರು ಕಿಟಕಿಯಲ್ಲಿ ನಿವೆಸ್ ಇದ್ದಾಗ ಹೀಗಿತ್ತೇ? ಒಂದು ಹನಿ ತನ್ನ ಕಿಟಕಿಗೆ ಬಿದ್ದರೂ ಅವಳು ನೆಲ ಒರೆಸಿದ ನೀರನ್ನೇ ತಿರುಗಿ ಎರಚುತ್ತಿದ್ದಳು. ಆ ಹಗ್ಗ ಯಾರದೆಂದು, ಇಬ್ಬರೂ ಮದುವೆಯಾಗಿ ಈ ಓಣಿಗೆ ಬಂದಾಗಿನಿಂದ ಜಗಳ. ಈಗ ಆ ಮನೆ ಪ್ರವಾಸಿಗರ ವಸತಿಯಾಗಿದೆ. ನಿವೆಸ್ ಸೇತುವೆಯಾಚೆ ಮೆಸ್ತ್ರೆ ಊರಿನಲ್ಲಿ ಮಗಳ ಜೊತೆಗಿದ್ದಾಳೆ. ಪ್ರತಿ ಭಾನುವಾರ ಎಲ್ವೀರಾ ಫೋನ್ ಮಾಡಿ, ‘ಏ ಬಜಾರಿ, ಹಗ್ಗ ನಂದೇ ಕಣೇ!’ ಎಂದು ಕಾಲು ಕೆರೆದು ಜಗಳ ತೆಗೆದು, ಅತ್ತಲಿಂದ ಬರುವ ಬೈಗುಳವನ್ನು ಕಣ್ಣು ಮುಚ್ಚಿ ಕೇಳುತ್ತಾಳೆ. ಮೊನ್ನೆ ಮಾತ್ರ ನಿವೆಸ್ ಮೆಲ್ಲಗೆ, ‘ಹೋಗ್ಲಿ ಬಿಡೇ, ನೀನೇ ಇಟ್ಕೋ’ ಎಂದುಬಿಟ್ಟಳು. ಎಲ್ವೀರಾ ಫೋನ್ ಕುಕ್ಕಿದಳು. ಓಣಿಯಲ್ಲಿ ಚಕ್ರಗಳು ಸಂಜೆಯವರೆಗೂ ಗಡಗಡ ಎನ್ನುತ್ತಲೇ ಇದ್ದವು, ಅವಳ ಕಿಟಕಿ ಮಾತ್ರ ತೆರೆಯಲಿಲ್ಲ.